ವರಿ ಮತ್ತು ನಾಯಿಪಾಲಿನ ರೊಟ್ಟಿ

ನನ್ನ ಒಂದು ಚಟವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನ ತನಕ ಹೋದವಳು, ಬೀಗ ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ನೋಡುತ್ತೇನೆ. ಬೀಗ ಸರಿಯಾಗಿಯೇ ಇರುತ್ತದೆ. ಆದರೂ ಜಗ್ಗುತ್ತೇನೆ. ಆಗಲಾದರೂ ಸಮಾಧಾನ ಆಗಬೇಕಲ್ಲ? ಆಗುವುದಿಲ್ಲ. ಇಷ್ಟು ಜೋರಾಗಿ ಜಗ್ಗಿದ್ದಕ್ಕೆ ಸಡಿಲಾಯಿತೋ ಏನೋ ಎಂಬ ಹೊಸ ಯೋಚನೆ ನನ್ನ ಜೊತೆ ಬಸ್ ಹತ್ತುತ್ತದೆ. ಗ್ಯಾಸಿನ ಗುಂಡಿ, ನೀರಿನ ಮೋಟಾರು, ಹಿತ್ತಲ ಬಾಗಿಲು, ಎಲ್ಲದಕ್ಕೂ ಇದೇ ಉಪಚಾರ. ಸೊಸೆ ಶೈಲಾ ಇದನ್ನು ನೋಡಿ ನೋಡಿ ಸಾಕಾಗಿ, ದಿನಕ್ಕೊಮ್ಮೆಯಾದರೂ ಅನ್ನುತ್ತಾಳೆ: ‘ಅತ್ತೀ, ವರಿ ಮಾಡಬ್ಯಾಡ್ರಿ.’

‘ವರಿ’ ಎಂಬ ಈ ಇಂಗ್ಲಿಷ್ ಕ್ರಿಯಾಪದ ಗಡಿಯಂಚಿನ ನಮ್ಮ ಜತ್ತ ತಾಲೂಕಿಗೆ ಯಾವಾಗ ಬಂತೋ ತಿಳಿಯದು. ಈಗ ನಮ್ಮೂರು ಸಂಖದಲ್ಲಿ ಅದು ಜೋಳದ ರೊಟ್ಟಿಯಷ್ಟೇ ಬಳಕೆಯಲ್ಲಿದೆ. ಆದರೆ ಅದಕ್ಕೊಂದು ವಿಚಿತ್ರ ಸ್ವಭಾವವಿದೆ. ಅದು ‘ಬ್ಯಾಡ’ದ ಕೈ ಹಿಡಿಯದೆ ಮನೆಯಿಂದ ಹೊರಗೆ ಬರುವುದೇ ಇಲ್ಲ. ‘ವರಿ ಮಾಡ್ರಿ’ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದ್ದನ್ನು ನಾನು ಇಷ್ಟು ವಯಸ್ಸಿಗೆ ಒಮ್ಮೆಯೂ ಕೇಳಿಲ್ಲ. ಬೋರಿನ ಮೋಟಾರು ಬಿಚ್ಚಿ ಅದರ ಕರುಳನ್ನೆಲ್ಲ ಗೋಣಿಚೀಲದ ಮೇಲೆ ಹರವಿಕೊಂಡು, ಯಾವುದು ಎಲ್ಲಿಯದೆಂದು ಮರೆತು ಕೂತ ಮೆಕ್ಯಾನಿಕ್ ಹೇಳುತ್ತಾನೆ, ವರಿ ಮಾಡಬ್ಯಾಡ್ರಿ. ತಪ್ಪಾದ ಹಲ್ಲಿಗೆ ಸೂಜಿ ಹಿಡಿದ ಡಾಕ್ಟರು ಹೇಳುತ್ತಾರೆ. ಹೊರಡುವ ಹೊತ್ತು ಮೀರಿದರೂ ಡ್ರೈವರ್ ಎಲ್ಲಿದ್ದಾನೆಂದು ಗೊತ್ತಿಲ್ಲದ ಕಂಡಕ್ಟರ್ ಹೇಳುತ್ತಾನೆ. ಅಂದರೆ ಯಾವ ಮಾತು ಕೇಳಿ ಎದೆ ಝಲ್ಲೆನ್ನಬೇಕೋ ಅದರ ಬಾಲ ಹಿಡಿದೇ ಇದು ಬರುತ್ತದೆ. ನಾನಂತೂ ಯಾರಾದರೂ ‘ವರಿ ಮಾಡಬ್ಯಾಡ್ರಿ’ ಎಂದ ಕೂಡಲೇ, ಏನೋ ಆಗಿದೆ ಎಂದು ಎದ್ದು ನಿಲ್ಲುತ್ತೇನೆ.

ಶೈಲಾಳ ತವರು ಮಿರಜದ ಕಡೆ, ಮನೆಮಾತು ಮರಾಠಿ. ಸಿಟ್ಟು ಬಂದಾಗ ಆಕೆ ಕನ್ನಡ ಬಿಟ್ಟು ‘ಕಾಳಜಿ ಕರೂ ನಕಾ’ ಎನ್ನುತ್ತಾಳೆ. ಕಾಳಜಿ ಮಾಡಬೇಡಿ. ಅದೇ ನಾನು ಊರಿಗೆ ಹೊರಟು ನಿಂತರೆ ‘ಕಾಳಜಿ ಘ್ಯಾ’ ಎನ್ನುತ್ತಾಳೆ. ಕಾಳಜಿ ತೆಗೆದುಕೊಳ್ಳಿ. ಎರಡು ಭಾಷೆಯ ನಡುವೆ ಬಾಳುವ ನಮ್ಮಂಥವರ ಪಾಡು ನೋಡಿ: ಒಂದೇ ವಸ್ತುವನ್ನು ಮಾಡಬಾರದಂತೆ, ಆದರೆ ತೆಗೆದುಕೊಳ್ಳಬೇಕಂತೆ. ಯಾರೂ ಮಾಡದೆ ಇದ್ದರೆ ತೆಗೆದುಕೊಳ್ಳುವುದು ಎಲ್ಲಿಂದ? ಈ ಪ್ರಶ್ನೆಯನ್ನು ಶೈಲಾಳಿಗೆ ಕೇಳಿದೆ. ಆಕೆ ನನ್ನ ಚಹದ ಕಪ್ಪು ಎತ್ತಿಕೊಂಡು ಒಳಗೆ ಹೋದಳು.

ನಾನು ನಮ್ಮ ಕಡೆಯ ಒಂದು ಕನ್ನಡ ಸಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಊರವರಿಗೆ ಈಗಲೂ ‘ಬಾಯಾರ’, ಅಂದರೆ ಟೀಚರಮ್ಮ. ಎಷ್ಟೋ ವರ್ಷ ಈ ಕ್ರಿಯಾಪದವನ್ನು ಹಲಗೆಯ ಮೇಲೆ ಬರೆದು, ಎದುರಿಗೆ ‘ಚಿಂತಿಸು’ ಎಂದು ಬರೆದು, ಅಳಿಸಿ, ಮುಂದಿನ ಶಬ್ದಕ್ಕೆ ಹೋಗಿದ್ದೇನೆ. ಅದರ ಹಿಂದುಮುಂದು ನೋಡಿದ್ದು ಈ ಬೇಸಿಗೆಯಲ್ಲಿ ಮಾತ್ರ. ನೋಡಿದ್ದಕ್ಕೆ ಕಾರಣ ಒಂದು ನಾಯಿ.

ಸುಗ್ಗಿ ಮುಗಿದು ಬರಿಯ ಕೂಳೆ ಉಳಿದ ಹೊಲದಲ್ಲಿ ನಮ್ಮ ಕಡೆ ಕುರಿ ಕೂಡಿಸುತ್ತಾರೆ. ರಾತ್ರಿಯೆಲ್ಲ ಹಿಂಡು ಅಲ್ಲಿ ಮಲಗಿದರೆ ಹಿಕ್ಕೆ ಬಿದ್ದು ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ. ಪ್ರತಿಯಾಗಿ ಹೊಲದವರ ಮನೆಯಿಂದ ಕುರಿಯವರಿಗೆ ಜೋಳ, ಊಟ. ಅದರ ಜೊತೆ ಒಂದು ರೊಟ್ಟಿ ಬೇರೆ ಹೋಗಬೇಕು. ಅದಕ್ಕೆ ನಾಯಿಪಾಲು ಎನ್ನುತ್ತಾರೆ. ಮನುಷ್ಯರ ರೊಟ್ಟಿಯಲ್ಲಿ ಮುರಿದು ಹಾಕುವಂತಿಲ್ಲ. ಬೇರೆಯೇ ಬಡಿಯಬೇಕು, ಹೊಲದ ಮನೆಯವರೇ ಕೈಯಾರೆ ಹಾಕಬೇಕು. ಆ ರೊಟ್ಟಿ ತಿಂದ ನಾಯಿ, ಹಿಂಡು ಆ ಹೊಲದಲ್ಲಿರುವ ತನಕ ಆ ಮನೆಯದೂ ಹೌದು ಎಂದು ಲೆಕ್ಕ. ನನ್ನ ಅತ್ತೆ ಈ ರೊಟ್ಟಿಯನ್ನು ಮೊದಲು ಬಡಿಯುತ್ತಿದ್ದರು, ಆಮೇಲೆ ನಮ್ಮವು. ನಾನೂ ಹಾಗೆಯೇ ಮಾಡುತ್ತೇನೆ. ಹಂಚು ಸರಿಯಾಗಿ ಕಾಯುವ ಮೊದಲು ಬೇಯುವ ರೊಟ್ಟಿ ನಾಯಿಗೆ ಹೋಗಲಿ ಎಂಬ ಜಾಣತನವೂ ಇದರಲ್ಲಿದೆಯೋ ಏನೋ. ಅತ್ತೆಯನ್ನು ಕೇಳುವ ಧೈರ್ಯ ನನಗಿರಲಿಲ್ಲ.

ಈ ಸಲ ನಮ್ಮ ಹೊಲಕ್ಕೆ ಬಂದದ್ದು ಬೆಳುಂಕಿಯ ಮಾಳಪ್ಪ ಮತ್ತು ಅವನ ಹೆಂಡತಿ ಸುಂದ್ರವ್ವ. ಅವರ ಜೊತೆ ಚಂದ್ರಿ ಎಂಬ ಹೆಣ್ಣುನಾಯಿ. ಕಂದು ಬಣ್ಣ, ಹಣೆಯ ಮೇಲೆ ಬಿಳಿ ಬೊಟ್ಟು. ಬೇರೆ ಯಾರು ಏನು ಹಾಕಿದರೂ ಮೂಸಿ ಮುಖ ತಿರುಗಿಸುವ ಗತ್ತಿನ ನಾಯಿ. ನನ್ನ ರೊಟ್ಟಿಯನ್ನು ಮಾತ್ರ ತಿನ್ನುತ್ತಿತ್ತು. ಮನೆಯಲ್ಲಿ ನನ್ನ ಅಡುಗೆಗೆ ಅಷ್ಟು ಮರ್ಯಾದೆ ಸಿಗದ ಕಾರಣ ನಾನು ದಿನಾ ಬೆಳಿಗ್ಗೆ ಖುಷಿಯಿಂದಲೇ ಹೊಲಕ್ಕೆ ಹೋಗುತ್ತಿದ್ದೆ.

ಆ ದಿನ ಹೋದಾಗ ಸೂರ್ಯ ಹುಟ್ಟಿರಲಿಲ್ಲ. ಕಾಲಡಿಯ ಕೂಳೆ ಚುಚ್ಚದಂತೆ ನೋಡಿ ನಡೆಯುವಷ್ಟು ಬೆಳಕು ಇತ್ತು. ಇದನ್ನು ಬಿಡಿಸಿ ಹೇಳುತ್ತಿದ್ದೇನೆ, ಏಕೆಂದರೆ ಬೆಳಕಿತ್ತೇ ಎಂದು ಆಮೇಲೆ ನನ್ನನ್ನು ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ಬೆಳಕಿತ್ತು. ಸುಂದ್ರವ್ವ ಬದುವಿನ ಆಚೆ ಒಲೆ ಊದುತ್ತಿದ್ದಳು. ಹೊಗೆ ಕಾಣುತ್ತಿತ್ತು, ಆಕೆ ಕಾಣುತ್ತಿರಲಿಲ್ಲ. ಮಾಳಪ್ಪ ಕೊಡ ಹಿಡಿದು ಹಳ್ಳದ ಕಡೆ ಹೋಗಿದ್ದ. ಬಲೆ ಕಟ್ಟಿದ ದೊಡ್ಡಿಯೊಳಗೆ ಹಿಂಡು ಎದ್ದು ನಿಂತಿತ್ತು. ಒಂದೂ ಅರಚುತ್ತಿರಲಿಲ್ಲ. ಎಲ್ಲವೂ ಒಂದೇ ಮೂಲೆಗೆ ಒತ್ತಿಕೊಂಡು ನಿಂತಿದ್ದವು. ಅವು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಬಲೆಯ ಹೊರಗೆ, ಹೊಲದಂಚಿನ ಮುಳ್ಳುಪೊದೆಯ, ಜಾಲಿ ಕಂಟಿಯ, ಈಚೆಗೆ, ಚಂದ್ರಿ ಒಂದು ಮರಿಯ ಕುತ್ತಿಗೆಯನ್ನು ಬಾಯಲ್ಲಿ ಹಿಡಿದಿತ್ತು.

ನಾನು ಕೂಗಿದೆ. ಏನೆಂದು ಕೂಗಿದೆನೋ ನೆನಪಿಲ್ಲ. ಚಂದ್ರಿ ತಲೆ ಎತ್ತಿ ನನ್ನನ್ನು ನೋಡಿತು. ಅದರ ಮೂತಿ ಕೆಂಪಾಗಿತ್ತು. ಮರಿ ಕೆಳಗೆ ಬಿತ್ತು. ನನ್ನ ಕೈಯಲ್ಲಿದ್ದ ರೊಟ್ಟಿಯ ಗಂಟೂ ಬಿತ್ತು. ಮೊದಲು ಸುಂದ್ರವ್ವ ಓಡಿ ಬಂದಳು, ಆಮೇಲೆ ಮಾಳಪ್ಪ. ಅವನು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಕಣ್ಣಿನ ರೆಪ್ಪೆ ಎತ್ತಿ ನೋಡಿ, ಕೆಳಗೆ ಮಲಗಿಸಿದ.

ಪಕ್ಕದ ಹೊಲದ ಗುರುಲಿಂಗಪ್ಪ ನನ್ನ ಕೂಗು ಕೇಳಿಯೇ ಬಂದಿದ್ದ. ಒಳ್ಳೆಯ ಮನುಷ್ಯ. ನಮ್ಮ ಮನೆಯ ಯಾವ ಕೆಲಸಕ್ಕೂ ಕರೆಯುವ ಮೊದಲೇ ಬರುವವನು. ಹಿಂದೊಮ್ಮೆ ಹುಚ್ಚು ಹತ್ತಿದ ನಾಯಿಯೊಂದು ಅವನ ಕೊಟ್ಟಿಗೆಗೆ ನುಗ್ಗಿ ಆಡಿನ ಮರಿಗಳನ್ನು ಹರಿದುಹಾಕಿತ್ತು; ಅಂದಿನಿಂದ ನಾಯಿ ಎಂದರೆ ಅವನಿಗೆ ಆಗದು.

‘ಬಾಯಾರ, ನೀವು ನೋಡೀರೇನ್ರಿ?’ ಎಂದು ಕೇಳಿದ.

‘ನೋಡೀನಿ,’ ಎಂದೆ. ‘ಚಂದ್ರಿ ಕುತ್ತಿಗಿ ಹಿಡದಿತ್ತು.’

‘ಮುಗೀತಲ್ಲ ಮತ್ತ. ರಕ್ತದ ರುಚಿ ಹತ್ತಿದ ನಾಯಿ ಹಿಂಡಿನ್ಯಾಗ ಇಡಬಾರದಪಾ ಮಾಳಪ್ಪ. ಇವತ್ತ ಒಂದು, ನಾಳಿ ನಾಕು.’

ಮಾಳಪ್ಪ ಚಂದ್ರಿಯ ಕಡೆ ನೋಡಲಿಲ್ಲ. ‘ನನ್ನ ಕೈಲೆ ಆಗೂದಿಲ್ರಿ ಸಾವಕಾರ. ಮರಿ ಇದ್ದಾಗಿಂದ ಸಾಕೀನಿ ಇದನ್ನ,’ ಎಂದ.

‘ನಿನ್ನ ಕೈಲೆ ಯಾಕ? ನಾ ಇಲ್ಲೇನು?’ ಗುರುಲಿಂಗಪ್ಪ ನನ್ನ ಕಡೆ ತಿರುಗಿ ದನಿ ತಗ್ಗಿಸಿದ. ‘ನೀವೇನೂ ವರಿ ಮಾಡಬ್ಯಾಡ್ರಿ ಬಾಯಾರ. ಅದು ಮಂದಿ ಕೈಯಂದು ಮುಟ್ಟೂದಿಲ್ಲ. ನಿಮ್ಮ ಮನಿ ರೊಟ್ಟಿ ಆದ್ರ ತಿಂತೈತಿ. ಸಂಜಿಕ ಒಂದು ರೊಟ್ಟಿ ಕೊಡ್ರಿ, ಅಷ್ಟ. ಇಲಿ ಔಷಧ ನನ್ನ ಕಡೆ ಐತಿ.’

ಈ ಕ್ರಿಯಾಪದವನ್ನು ನಾನು ಎಷ್ಟೋ ಬಾಯಿಗಳಲ್ಲಿ ಕೇಳಿದ್ದೇನೆ. ಇಷ್ಟು ಮೆತ್ತಗೆ, ಇಷ್ಟು ಅಂತಃಕರಣದಿಂದ ಯಾರೂ ಹೇಳಿದ್ದಿಲ್ಲ.

ಮನೆಗೆ ಬಂದೆ. ಕೂತೆ. ಎದ್ದೆ. ಹಿತ್ತಲಿಗೆ ಹೋಗಿ ಏನಕ್ಕೆ ಬಂದೆನೆಂದು ಮರೆತು ಒಳಗೆ ಬಂದೆ. ಶೈಲಾ ತಾಟು ಬಡಿಸಿಟ್ಟಳು. ಒಂದು ತುತ್ತು ಬಾಯಿಗೆ ಹಾಕಿಕೊಂಡೆ, ಇಳಿಯಲಿಲ್ಲ. ‘ನೀವು ಕಂಡದ್ದು ಹೇಳೀರಿ, ಸುಳ್ಳೇನ ಹೇಳಿಲ್ಲಲ್ಲ. ವರಿ ಮಾಡಬ್ಯಾಡ್ರಿ,’ ಎಂದಳು. ನಿಜವೇ. ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ಡಫಳಾಪುರದಲ್ಲಿರುವ ನನ್ನ ನಾದಿನಿಯ ಫೋನು ಬಂತು. ‘ವೈನೀ, ನಿಮ್ಮ ಹೊಲದಾಗ ನಾಯಿ ಹುಚ್ಚೆದ್ದು ಹಿಂಡಿಗೆ ಹಿಂಡೇ ಕೊಂದೈತಂತ! ನೀವು ಕಣ್ಣಾರೆ ನೋಡೀರಂತ! ಬಲಿ ಹಾರಿ ಒಳಗ ಜಿಗೀತಂತಲ್ಲ?’

‘ಜಿಗಿಯೂದು ನಾ ನೋಡಿಲ್ಲ,’ ಎಂದೆ.

‘ಮತ್ತ ನೋಡೀರಿ ಅಂದ್ರು?’

‘ಹಿಡದಿದ್ದು ನೋಡೀನಿ.’

‘ಹಾಂ, ಅದ ಮತ್ತ!’ ಎಂದು ಆಕೆ ಸಮಾಧಾನದಿಂದ ಫೋನು ಇಟ್ಟಳು.

ನನ್ನ ಮಾತು ನನಗಿಂತ ಮೊದಲು ಬಸ್ ಹತ್ತಿ ಡಫಳಾಪುರ ಮುಟ್ಟಿ, ಅಲ್ಲಿ ನಾಕು ಕಾಲು ಬೆಳೆಸಿಕೊಂಡು ತಿರುಗಿ ಬಂದಿತ್ತು. ಇನ್ನೂ ಹೆದರಿಕೆಯ ಸಂಗತಿ ಎಂದರೆ, ಕಣ್ಣು ಮುಚ್ಚಿದರೆ ಈಗ ನನಗೂ ಚಂದ್ರಿ ಬಲೆ ಹಾರಿ ಜಿಗಿಯುವುದು ಕಾಣಿಸುತ್ತಿತ್ತು. ಬೆಳಿಗ್ಗೆ ಕಾಣದೆ ಇದ್ದದ್ದು ಮಧ್ಯಾಹ್ನ ಕಾಣುತ್ತಿತ್ತು. ಮನಸ್ಸು ಎಂಬುದು ಸೋಮಾರಿ ವಿದ್ಯಾರ್ಥಿ. ಬಿಟ್ಟ ಸ್ಥಳ ತುಂಬಿರಿ ಎಂದರೆ ಪಕ್ಕದವನದನ್ನು ನೋಡಿ ತುಂಬುತ್ತದೆ.

ಶೈಲಾ ನೀರು ತಂದುಕೊಟ್ಟು ಮತ್ತೊಮ್ಮೆ ಅದೇ ಮಾತು ಅಂದಾಗ ನನಗೆ ಸಿಟ್ಟು ಬಂತು. ಎಲ್ಲರೂ ಬೆಳಿಗ್ಗೆಯಿಂದ ಏನನ್ನು ಮಾಡಬೇಡ ಎನ್ನುತ್ತಿದ್ದಾರೆ? ಅದನ್ನಾದರೂ ನೋಡೋಣ ಎಂದು, ನಿವೃತ್ತಿಯ ದಿನ ಸಾಲೆಯವರು ಕೊಟ್ಟ ದಪ್ಪ ಇಂಗ್ಲಿಷ್ ನಿಘಂಟನ್ನು ಎಳೆದುಕೊಂಡೆ. ಅಲ್ಲಿಯ ತನಕ ಅದು ಇಸ್ತ್ರಿ ಮಾಡಿದ ಸೀರೆ ಮುದುಡದಂತೆ ಮೇಲೆ ಇಡುವ ತೂಕವಾಗಿ ಸೇವೆ ಸಲ್ಲಿಸುತ್ತಿತ್ತು.

ಶಬ್ದ ಸಿಕ್ಕಿತು. ಓದಿದೆ. ಕನ್ನಡಕ ಒರೆಸಿ ಮತ್ತೆ ಓದಿದೆ.

ಈ ಕ್ರಿಯಾಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಇದ್ದ ಅರ್ಥ ಕುತ್ತಿಗೆ ಹಿಸುಕಿ ಕೊಲ್ಲುವುದು. ಜರ್ಮನರಲ್ಲಿ ಅದರ ದಾಯಾದಿ ಶಬ್ದಕ್ಕೆ ಇಂದಿಗೂ ಅದೇ ಅರ್ಥವಂತೆ. ಆಮೇಲೆ ಅದು ಪ್ರಾಣಿಗಳಿಗೆ ಹೋಯಿತು: ನಾಯಿಯೋ ತೋಳವೋ ಕುರಿಯ ಗಂಟಲಿಗೆ ಹಲ್ಲು ಹಾಕಿ, ಹಿಡಿದು, ಅತ್ತಿತ್ತ ಝಾಡಿಸುವುದು. ಅಲ್ಲಿಂದ ಎಷ್ಟೋ ಕಾಲದ ಮೇಲೆ, ಒಬ್ಬರು ಇನ್ನೊಬ್ಬರಿಗೆ ಬಿಡದೆ ಕಾಟ ಕೊಡುವುದಕ್ಕೂ ಅದೇ ಮಾತಾಯಿತು. ತಾನೇ ಕೂತು ಚಿಂತಿಸುವುದು ಎಂಬ ಅರ್ಥ, ನಾನು ಹಲಗೆಯ ಮೇಲೆ ಬರೆದು ಅಳಿಸುತ್ತಿದ್ದ ಅರ್ಥ, ತೀರ ಈಚಿನದು. ಮನೆಯ ಕೊನೆಯ ಕೂಸು.

ಎಂಥ ಪ್ರಯಾಣ ನೋಡಿ. ಮೊದಲು ಈ ಕೆಲಸ ಆಗಬೇಕಾದರೆ ಒಂದು ತೋಳ ಬೇಕಿತ್ತು, ಒಂದು ಕುರಿ ಬೇಕಿತ್ತು. ಹಿಡಿಯುವವರು ಬೇರೆ, ಹಿಡಿಸಿಕೊಳ್ಳುವವರು ಬೇರೆ. ಈಗ ಅಷ್ಟೆಲ್ಲ ಖಟಪಟಿ ಬೇಕಿಲ್ಲ. ಕುರ್ಚಿಯ ಮೇಲೆ ಕೂತು ನಮ್ಮ ಕುತ್ತಿಗೆಯನ್ನು ನಾವೇ ಹಿಡಿದುಕೊಂಡು ಝಾಡಿಸುತ್ತೇವೆ. ತೋಳವೂ ನಾವೇ, ಕುರಿಯೂ ನಾವೇ. ಇಂಗ್ಲಿಷರನ್ನೇ ಅಂದು ಏನು ಫಲ? ನಾವೂ ಸಂಕಟವನ್ನು ಇಟ್ಟಿರುವುದು ಅದೇ ಜಾಗದಲ್ಲಿ. ಕೆಟ್ಟ ಕಾಲ ಬಂದರೆ ‘ಕುತ್ತಿಗಿಗೆ ಬಂತು’ ಎನ್ನುತ್ತೇವೆ. ದುಃಖವಾದರೆ ಗಂಟಲು ಕಟ್ಟುತ್ತದೆ. ಬೆಳಿಗ್ಗೆ ನನ್ನ ತುತ್ತು ಎಲ್ಲಿ ನಿಂತಿತು? ಹೊಟ್ಟೆಯಲ್ಲಲ್ಲ. ಎಲ್ಲ ಭಾಷೆಯ ಜನರಿಗೂ ಗಂಟಲು ಒಂದೇ ಕಡೆ ಇದೆ ಎಂಬುದೂ ಒಂದು ದೊಡ್ಡ ಸಮಾಧಾನ.

ಇಷ್ಟು ಯೋಚಿಸಿ ನಿಘಂಟು ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಒಂದು ಮಾತಿನ ಮೇಲೆ ಬೆರಳು ನಿಂತಿತ್ತು: ಝಾಡಿಸುವುದು.

ಕೊಲ್ಲುವ ಪ್ರಾಣಿ ಹಿಡಿದು ಝಾಡಿಸುತ್ತದೆ. ಚಂದ್ರಿ ಝಾಡಿಸುತ್ತಿತ್ತೇ? ನಾನು ಕಣ್ಣು ಮುಚ್ಚಿ, ಡಫಳಾಪುರದಿಂದ ಬಂದದ್ದನ್ನೆಲ್ಲ ಒಂದೊಂದೇ ಹೊರಗಿಟ್ಟು, ನಾನು ನೋಡಿದ್ದನ್ನು ಮಾತ್ರ ಮತ್ತೆ ನೋಡಿದೆ. ಚಂದ್ರಿಯ ತಲೆ ಅತ್ತಿತ್ತ ಹೋಗುತ್ತಿರಲಿಲ್ಲ. ಅದರ ಹಿಂಭಾಗ ತಗ್ಗಿತ್ತು. ಮುಂಗಾಲು ಮಣ್ಣಿಗೆ ಊರಿದ್ದವು. ಒಂದು ಹೆಜ್ಜೆ ಹಿಂದೆ, ನಿಲ್ಲುವುದು, ಮತ್ತೊಂದು ಹೆಜ್ಜೆ ಹಿಂದೆ. ಸೇದುವ ಹಗ್ಗ ಎಳೆದ ಹಾಗೆ. ಮರಿಯ ಹಿಂಗಾಲು ಕೂಳೆಗೆ ಸಿಕ್ಕಿ ಬಿಡುತ್ತಿದ್ದವು. ಅದು ಎಳೆಯುತ್ತಿತ್ತು. ಬೆನ್ನು ಯಾವ ಕಡೆ ಇತ್ತು? ಬಲೆಯ ಕಡೆ. ಮುಖ? ಜಾಲಿ ಕಂಟಿಯ ಕಡೆ. ಅಂದರೆ ಚಂದ್ರಿ ಮರಿಯನ್ನು ಕಂಟಿಯಿಂದ ದೊಡ್ಡಿಯ ಕಡೆಗೆ ಎಳೆಯುತ್ತಿತ್ತು.

ಇದನ್ನು ಬೆಳಿಗ್ಗೆ ನಾನು ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಕೇಳಿದ್ದು ನೋಡೀರೇನು ಎಂದು ಮಾತ್ರ.

ಬಿಸಿಲು ಇಳಿಯುವ ಮೊದಲೇ ಗುರುಲಿಂಗಪ್ಪ ನಮ್ಮ ಕಟ್ಟೆಯ ಮುಂದೆ ಬಂದು ನಿಂತ. ‘ರೊಟ್ಟಿ ಆಗೈತೇನ್ರಿ ಬಾಯಾರ?’

‘ನಡಿ, ಹೊಲಕ್ಕ ಹೋಗೂನು. ಅಲ್ಲೇ ಮಾತಾಡೂನು,’ ಎಂದು ಚಪ್ಪಲಿ ಮೆಟ್ಟಿದೆ. ಹಿತ್ತಲ ಬಾಗಿಲನ್ನು ಜಗ್ಗಿ ನೋಡಲೂ ಮರೆತೆ ಎಂದರೆ ನನ್ನ ಸ್ಥಿತಿ ನಿಮಗೆ ಅರ್ಥವಾಗಬಹುದು.

ಹೊಲದಲ್ಲಿ ಮೊದಲು ಜಾಲಿ ಕಂಟಿಯ ಹತ್ತಿರ ಹೋದೆ. ಎಳೆದ ಗುರುತು ಮಣ್ಣಿನ ಮೇಲೆ ಇರಬೇಕಲ್ಲ ಎಂಬ ಆಸೆ. ಇಡೀ ಹಿಂಡು ಮೇಯಲು ಹೋಗಿ ಅದೇ ದಾರಿಯಲ್ಲಿ ತಿರುಗಿ ಬಂದಿತ್ತು; ಗೊರಸಿನ ಗುರುತಿನ ಹೊರತು ಏನೂ ಉಳಿದಿರಲಿಲ್ಲ. ನನ್ನ ಕಣ್ಣೊಂದೇ ಸಾಕ್ಷಿ. ಆ ಕಣ್ಣನ್ನು ನಾನೇ ಪೂರ್ತಿ ನಂಬುವುದಿಲ್ಲ.

ಚಂದ್ರಿಯನ್ನು ಬಂಡಿಯ ಗಾಲಿಗೆ ಕಟ್ಟಿದ್ದರು. ನನ್ನನ್ನು ಕಂಡು ಬಾಲ ಅಲ್ಲಾಡಿಸಿತು. ನನ್ನ ಕೈ ಖಾಲಿ ಇರುವುದನ್ನು ನೋಡಿ ನಿಲ್ಲಿಸಿತು.

‘ರೊಟ್ಟಿ ಕೊಡೂದಿಲ್ಲ ಗುರುಲಿಂಗಪ್ಪ,’ ಎಂದೆ. ‘ಮುಂಜಾನಿ ನಾ ಹೇಳಿದ್ದು ಅರ್ಧ.’

‘ಇನ್ನರ್ಧ ಎಲ್ಲಿಟ್ಟಿದ್ರಿ?’

‘ಅದು ಮರಿ ಹಿಡಿಯೂದು ನಾ ನೋಡಿಲ್ಲ. ಹಿಡದಿದ್ದು ನೋಡೀನಿ.’

ಗುರುಲಿಂಗಪ್ಪ ಕೈ ಮುಗಿದ. ‘ನಮಸ್ಕಾರ್ರಿ! ಹಿಡಿಯೂದು, ಹಿಡದಿದ್ದು! ಈ ಇಂಗ್ಲಿಷ್ ಗ್ರಾಮರ್ ಸಾಲ್ಯಾಗ ಕೇಳಿ ಕೇಳಿ ನಾ ಫೇಲಾಗೀನ್ರಿ. ಇನ್ನ ಹೊಲದಾಗೂ ಕೇಳ್ಲೇನು?’

‘ಇದು ಗ್ರಾಮರ್ ಅಲ್ಲಪಾ. ಒಂದು ಜೀವ ಐತಿ. ಕೇಳು.’ ನಾನು ನೋಡಿದ್ದನ್ನು ಮೊದಲಿನಿಂದ ಹೇಳಿದೆ. ಬೆಳಕು, ಹೊಗೆ, ಮೂಲೆಗೆ ಒತ್ತಿ ನಿಂತ ಹಿಂಡು, ಊರಿದ ಮುಂಗಾಲು, ಹಿಂದೆ ಸರಿದ ಹೆಜ್ಜೆ.

ಸುಂದ್ರವ್ವ ಮುಂದೆ ಬಂದಳು. ‘ಯಾ ಕಡೆ ಎಳೀತಿತ್ರಿ?’ ಎಂದು ಕೇಳಿದಳು.

‘ಬಲಿ ಕಡೆ.’

‘ಖರೇ?’

‘ಅದಿಷ್ಟು ಖರೇ.’

‘ತಿನ್ನೂ ನಾಯಿ ಕಂಟ್ಯಾಗ ಒಯ್ಯತೈತಿ. ಬಲಿ ಕಡೆ ಯಾಕ ತರ್ತೈತಿ?’ ಎಂದು ಆಕೆ ಗಂಡನ ಕಡೆ ನೋಡಿದಳು.

‘ನಾಯಿಗೇನ ದಿಕ್ಕು ಗೊತ್ತೈತೇನವಾ?’ ಎಂದ ಗುರುಲಿಂಗಪ್ಪ. ‘ಹಂಗಾರ ಬಾಯಾರ, ತೋಳ ಬಂದಿತ್ತು ಅಂತ ಹೇಳ್ತೀರೇನು?’

ಇಲ್ಲಿ ಹೌದು ಎಂದಿದ್ದರೆ ಎಲ್ಲ ಸುಲಭವಾಗುತ್ತಿತ್ತು. ಮಾಳಪ್ಪನ ಕಣ್ಣು ಅದನ್ನೇ ಬೇಡುತ್ತಿತ್ತು. ಚಂದ್ರಿ ಕೂಡ ಕಿವಿ ನೆಟ್ಟಗೆ ಮಾಡಿ ಕೂತಿತ್ತು. ‘ತೋಳ ನಾ ನೋಡಿಲ್ಲ,’ ಎಂದೆ. ‘ಮರಿ ಮೊದಲ ಸತ್ತಿತ್ತೋ, ಇದರ ಬಾಯಾಗ ಸತ್ತಿತೋ, ಅದೂ ನನಗ ಗೊತ್ತಿಲ್ಲ.’

ಈ ಉತ್ತರ ಯಾರಿಗೂ ಹಿಡಿಸಲಿಲ್ಲ, ನನಗೂ ಹಿಡಿಸಲಿಲ್ಲ. ‘ಮುಂಜಾನಿ ಒಂದು, ಸಂಜೀಕ ಒಂದು. ಹಿಂಗಾದ್ರ ಹೆಂಗ್ರಿ?’ ಎಂದು ಗುರುಲಿಂಗಪ್ಪ ತಲೆ ಕೊಡವಿದ. ಮಾಳಪ್ಪ ನನ್ನ ಕಡೆ ತಿರುಗಿದ. ‘ನಿಮ್ಮ ರೊಟ್ಟಿ ತಿಂದೈತ್ರಿ. ನಿಮ್ಮದೂ ಐತಿ ಅದು. ನೀವ ಹೇಳ್ರಿ, ಏನ ಮಾಡೂನು.’

ನಾಯಿಪಾಲು ಬಡಿಯುವ ಕೈಗೆ ಇಂಥ ಹೊಣೆಯೂ ಬರುತ್ತದೆ ಎಂದು ಅತ್ತೆ ಹೇಳಿರಲಿಲ್ಲ. ‘ನೀವು ಇಲ್ಲಿಂದ ಎದ್ದು ಹೋಗೂ ತನಕ ನನ್ನ ಮನ್ಯಾಗಿರ್ಲಿ. ಆಮ್ಯಾಲ ನಿಮ್ಮ ಮನಸು,’ ಎಂದೆ.

‘ಇದನ್ನ ಒಯ್ದ್ರ ಹಿಂಡು ಕಾಯೂದು ಯಾರ್ರಿ?’

‘ನಾ ಎಚ್ಚರಿರ್ತೀನಿ,’ ಎಂದಳು ಸುಂದ್ರವ್ವ.

‘ಚಲೋ ಆತು,’ ಎಂದ ಗುರುಲಿಂಗಪ್ಪ. ‘ಬಾಯಾರ ಮನ್ಯಾಗ ಕೋಳಿ ಇಲ್ಲ, ಪುಣ್ಯಾ ಮಾಡ್ಯಾವ.’ ಹೀಗೆ ಅಂದರೂ, ಚಂದ್ರಿಯ ಹಗ್ಗ ಹಿಡಿದು ನನ್ನ ಮನೆಯ ತನಕ ತಂದುಬಿಟ್ಟವನು ಅವನೇ. ದಾರಿಯುದ್ದಕ್ಕೂ ಅದರಿಂದ ಒಂದು ಮಾರು ದೂರ ನಡೆದ.

ಚಂದ್ರಿ ನಮ್ಮ ಅಂಗಳಕ್ಕೆ ಬಂದ ಮೇಲೆ ನನಗೊಬ್ಬಳು ಜೊತೆಗಾತಿ ಸಿಕ್ಕ ಹಾಗಾಯಿತು. ಅದು ಕೂರಲಿಲ್ಲ. ಗೇ‌ಟಿನ ತನಕ ಹೋಗುವುದು, ಗಾಳಿ ಮೂಸುವುದು, ತಿರುಗಿ ಬರುವುದು, ಮತ್ತೆ ಹೋಗುವುದು. ರೊಟ್ಟಿ ಹಾಕಿದೆ, ಮುಟ್ಟಲಿಲ್ಲ. ನಾನೂ ಉಂಡಿರಲಿಲ್ಲ. ಅದು ಗೇಟಿಗೆ ಹೋದಾಗ ನಾನು ಹಿತ್ತಲ ಬಾಗಿಲಿಗೆ, ನಾನು ಗೇಟಿಗೆ ಹೋದಾಗ ಅದು ಹಿತ್ತಲಿಗೆ. ಶೈಲಾ ಕಿಟಕಿಯಿಂದ ನೋಡಿ, ‘ಒಬ್ಬರಿದ್ದದ್ದು ಇಬ್ಬರಾದ್ರಿ,’ ಎಂದು ದೀಪ ಆರಿಸಿದಳು.

ಚಂದ್ರಿಯನ್ನು ಅಂಗಳದ ಕಂಬಕ್ಕೆ ಕಟ್ಟಿ ಬಂದು, ನಿದ್ದೆ ಬಾರದೆ ನಾನು ಮಲಗಿದಲ್ಲೇ ಹಳಹಳಿಸಿದೆ. ಈ ನಾಯಿಗೆ ನಿಜವಾಗಿಯೂ ರಕ್ತದ ರುಚಿ ಹತ್ತಿದ್ದರೆ? ನಾನು ಕಂಡ ಹಿಂದಿನ ಹೆಜ್ಜೆಗಳು, ಒಂದು ರೊಟ್ಟಿ ಕೊಡುವುದನ್ನು ತಪ್ಪಿಸಿಕೊಳ್ಳಲು ಮನಸ್ಸು ಹೂಡಿದ ಆಟವಾಗಿದ್ದರೆ? ಅಥವಾ ಕಂಡದ್ದು ನಿಜವೇ ಆಗಿದ್ದರೆ? ಹಾಗಿದ್ದರೆ ಜಾಲಿ ಕಂಟಿಯ ಆಚೆ ಬೇರೊಂದು ಏನೋ ಇದೆ, ಮತ್ತು ಅದಕ್ಕೆ ಅಡ್ಡ ನಿಲ್ಲುವ ನಾಯಿಯನ್ನು ನಾನೇ ಬಿಚ್ಚಿ ತಂದು ಅಂಗಳದಲ್ಲಿ ಕಟ್ಟಿದ್ದೇನೆ. ನಾನು ತಪ್ಪಾಗಿದ್ದರೂ ಕೇಡು, ಸರಿಯಾಗಿದ್ದರೂ ಕೇಡು. ಇಂಗ್ಲಿಷರ ಆ ಹಳೆಯ ಕ್ರಿಯಾಪದ ಎರಡು ಬದಿಯ ಹಲ್ಲನ್ನೂ ಊರಿ ಹಿಡಿಯಿತು.

ನಸುಕಿನಲ್ಲಿ ಚಂದ್ರಿ ಒಮ್ಮೆಲೇ ಬೊಗಳತೊಡಗಿತು. ಹಗ್ಗ ಹರಿಯುವ ಹಾಗೆ ಜಗ್ಗುತ್ತ ಹೊಲದ ದಿಕ್ಕಿಗೇ ಬೊಗಳಿತು. ನಾನು ಹೊರಗೆ ಬಂದು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಸುಂದ್ರವ್ವ ಓಡಿ ಬರುವುದು ಕಾಣಿಸಿತು. ಗೇಟಿನ ಹೊರಗಿಂದಲೇ ಕೂಗಿದಳು:

‘ಬಾಯಾರ, ಲಗೂನ ಬಿಡ್ರಿ ಅದನ್ನ! ತೋಳ ಬಂದಿತ್ರಿ! ನಾ ನೋಡೀನಿ!’

‘ಹಿಡಿಯೂದು ನೋಡೀಯೇನು?’ ಎಂದು ನನ್ನ ಬಾಯಿಂದ ಬಂತು. ಇಂಥ ಹೊತ್ತಿನಲ್ಲೂ.

‘ಹಿಡಿಯೂದೂ ನೋಡೀನಿ, ಬಿಡೂದೂ ನೋಡೀನ್ರಿ! ಅದ ಜಾಲಿ ಕಂಟ್ಯಾಗಿಂದ ಬಂತು. ಒಲ್ಯಾಗಿನ ಕೊಳ್ಳಿ ತಗೊಂಡು ಒಗದೆ. ಮರಿ ಬಿಟ್ಟು ಓಡಿತು.’

‘ಮರಿ?’

‘ಐತ್ರಿ, ಜೀವ ಐತಿ.’

ಹಗ್ಗ ಬಿಚ್ಚಿ ನಾವು ಹೋಗುವಷ್ಟರಲ್ಲಿ ಚಂದ್ರಿ ಆಗಲೇ ಹೊಲ ಮುಟ್ಟಿತ್ತು. ಬಲೆಯ ಸುತ್ತ ಒಂದು ಸುತ್ತು ಬಂದು, ಜಾಲಿ ಕಂಟಿಯ ಬುಡದಲ್ಲಿ ಬಹಳ ಹೊತ್ತು ಮೂಸಿ, ತಿರುಗಿ ಬಂದು ಮರಿಯ ಹತ್ತಿರ ಕೂತಿತು. ಮಾಳಪ್ಪ ಮರಿಯ ಗಂಟಲಿಗೆ ಅರಿಷಿಣ ಮೆತ್ತುತ್ತಿದ್ದ. ಅದು ಅರಚಲು ಬಾಯಿ ತೆರೆದರೆ ಹಳೆಯ ಬಾಗಿಲು ತೆರೆದ ಹಾಗೆ ಸಣ್ಣ ದನಿ ಬರುತ್ತಿತ್ತು. ಮಾಳಪ್ಪ ಅರಿಷಿಣದ ಕೈಯಿಂದಲೇ ಚಂದ್ರಿಯ ಹಣೆ ಸವರಿದ. ಬಿಳಿ ಬೊಟ್ಟು ಹಳದಿಯಾಯಿತು. ಗುರುಲಿಂಗಪ್ಪ ಸ್ವಲ್ಪ ದೂರದಲ್ಲಿ ನಿಂತು ಎಲ್ಲ ನೋಡಿ, ‘ನನ್ನ ಆಡಿನ ಕೊಟಗಿ ಬಾಗಲಾ ಗಟ್ಟಿ ಐತೋ ಇಲ್ಲೋ ನೋಡಿ ಬರ್ತೀನಿ,’ ಎಂದು ಹೋದ. ನನಗೆ ಅವನ ಮೇಲೆ ಮಮತೆ ಉಕ್ಕಿತು. ಅವನೂ ನಮ್ಮ ಜಾತಿಯವನೇ, ಬೀಗ ಜಗ್ಗುವ ಜಾತಿ.

ಊರಿನಲ್ಲಿ ಈಗ ಮಾತು ಮತ್ತೆ ಬೆಳೆದಿದೆ. ಚಂದ್ರಿ ತೋಳದ ಬಾಯಿಂದ ಮರಿ ಕಸಿದುಕೊಂಡದ್ದನ್ನು ಬಾಯಾರ ಕಣ್ಣಾರೆ ನೋಡಿದರಂತೆ. ಡಫಳಾಪುರದಲ್ಲಿ ತೋಳಗಳ ಸಂಖ್ಯೆಯೂ ಹೆಚ್ಚಾಗಿದೆ. ನಾನು ಅಲ್ಲಗಳೆದೂ ಅಲ್ಲಗಳೆದೂ ದಣಿದಿದ್ದೇನೆ. ಎರಡನೆಯ ದಿನ ತೋಳ ಬಂದದ್ದು, ಮೊದಲ ದಿನವೂ ಬಂದಿತ್ತು ಎಂಬುದಕ್ಕೆ ಸಾಕ್ಷಿಯಲ್ಲ. ನಾನು ನೋಡಿದ್ದು ಊರಿದ ಎರಡು ಮುಂಗಾಲು ಮತ್ತು ಹಿಂದೆ ಸರಿದ ಹೆಜ್ಜೆ. ಅದರ ಆಚೀಚೆ ಏನಿತ್ತೋ ಅದು ಚಂದ್ರಿಗೆ ಗೊತ್ತು, ಆ ಸತ್ತ ಮರಿಗೆ ಗೊತ್ತು.

ಹಿಂಡು ಎದ್ದು ಹೋಗುವ ದಿನ ಮಾಳಪ್ಪ ಊರಲ್ಲಿ ಹೊಸದಾಗಿ ಮಾಡಿಸಿದ ಪಟ್ಟಿಯೊಂದನ್ನು ಚಂದ್ರಿಯ ಕುತ್ತಿಗೆಗೆ ಕಟ್ಟುತ್ತಿದ್ದ. ಅಗಲವಾದ ಪಟ್ಟಿ, ಹೊರಗೆ ಮುಖ ಮಾಡಿದ ಕಬ್ಬಿಣದ ಮುಳ್ಳು. ತೋಳ ಮೊದಲು ಬಾಯಿ ಹಾಕುವುದೇ ಗಂಟಲಿಗೆ. ಹಾಕಿದರೆ ಮುಳ್ಳು ಚುಚ್ಚಬೇಕು. ನೋಡುತ್ತ ನಿಂತವಳಿಗೆ ಅನ್ನಿಸಿತು, ಆ ಕ್ರಿಯಾಪದದ ಮೊದಲ ಅರ್ಥಕ್ಕೆ ಕುರಿಯವರು ಮದ್ದು ಕಂಡುಹಿಡಿದಿದ್ದಾರೆ. ಕೊನೆಯ ಅರ್ಥಕ್ಕೆ ಇಂಥ ಪಟ್ಟಿ ಯಾವ ಕಮ್ಮಾರನ ಹತ್ತಿರವೂ ಸಿಗುವುದಿಲ್ಲ. ಸಿಕ್ಕರೂ ಮುಳ್ಳು ಒಳಗೆ ಮುಖ ಮಾಡಿರಬೇಕಾಗುತ್ತದೆ; ನಮ್ಮ ತೋಳ ಇರುವುದು ಆ ಕಡೆ.

‘ಮುಂದ ಎಲ್ಲಿಗೋ ಮಾಳಪ್ಪ? ಅಲ್ಲಿ ತೋಳ ಅದಾವೋ ಏನೋ. ಬಲಿ ಗಟ್ಟಿ ಕಟ್ಟು. ಕಂಟಿ ಸಮೀಪ ದೊಡ್ಡಿ ಹಾಕಬ್ಯಾಡ. ಈ ಪಟ್ಟಿ ಇದಕ್ಕ ಬಿಗಿ ಆತೇನ ನೋಡು,’ ಎಂದು ನಾನು ಒಂದೇ ಉಸಿರಿಗೆ ಹೇಳಿದೆ.

ಮಾಳಪ್ಪ ನಕ್ಕ. ಇಷ್ಟು ದಿನದಲ್ಲಿ ಅವನು ನಕ್ಕದ್ದು ಅದೇ ಮೊದಲು. ‘ನೀವು ವರಿ ಮಾಡಬ್ಯಾಡ್ರಿ ಬಾಯಾರ,’ ಎಂದ. ‘ಅದನ್ನ ಮಾಡಾಕ ಚಂದ್ರಿ ಐತಿ.’

ಈ ಮಾತನ್ನು ಇಷ್ಟು ಸರಿಯಾಗಿ ಯಾರೂ ನನಗೆ ಹೇಳಿರಲಿಲ್ಲ. ಮಾಡಬೇಡಿ ಎಂದವರೇ ಎಲ್ಲ. ನಿಮ್ಮ ಬದಲು ಯಾರು ಮಾಡುತ್ತಾರೆ ಎಂದು ಹೇಳಿದವನು ಇವನೊಬ್ಬನೇ. ಹಿಂಡು ನಿಶ್ಚಿಂತೆಯಿಂದ ಮಲಗಬೇಕಾದರೆ ಅದರ ಅಂಚಿನಲ್ಲಿ ಒಂದು ಕಿವಿ ಎತ್ತಿಕೊಂಡು ಕೂರುವ ಯಾರೋ ಒಬ್ಬರು ಬೇಕು. ಅವರಿಗೆ ನಿದ್ದೆ ಕಡಿಮೆ, ಹೊಗಳಿಕೆ ಇನ್ನೂ ಕಡಿಮೆ. ಅದಕ್ಕೇ ಇರಬೇಕು ನಮ್ಮ ಹಿರಿಯರು ಅವರಿಗೆಂದು ಬೇರೆ ಒಂದು ರೊಟ್ಟಿ ಬಡಿಯಿರಿ ಎಂದದ್ದು, ಅದನ್ನೂ ಮೊದಲು.

ಹಿಂಡಿನ ಧೂಳು ಬದುವಿನ ಆಚೆ ಇಳಿಯುವ ತನಕ ನಿಂತು ಮನೆಗೆ ಬಂದೆ. ಶೈಲಾಳ ಜೊತೆ ಸಂತೆಗೆ ಹೋಗುವುದಿತ್ತು. ಬಾಗಿಲಿಗೆ ಬೀಗ ಹಾಕಿದೆ. ಒಮ್ಮೆ ಜಗ್ಗಿದೆ, ಅದು ನನ್ನ ಪಾಲು. ಶೈಲಾ ನೋಡುತ್ತಿದ್ದಳು. ಇನ್ನೊಮ್ಮೆ ಜಗ್ಗಿದೆ, ಅದು ನಾಯಿಪಾಲು.